ಟಿವಿ ಜಾಹೀರಾತು ಯಾಕಿಷ್ಟು ಕಿರಿಕಿರಿ, ಅದರಿಂದ ಮಾಲು ಖರ್ಚಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮುಂದೆ ಕಟ್ಟೆ ಮತ್ತು ಗಲ್ಲೆ, ಹಿಂದಿನ ಕೋಣೆಯಲ್ಲಿ ಟಿವಿ. ನಡುವೆ ಒಂದು ಪರದೆ ಅಷ್ಟೇ. ಸಂಜೆ ಏಳರಿಂದ ಹತ್ತರವರೆಗೆ ಅತ್ತೆಯವರು ಧಾರಾವಾಹಿ ನೋಡುತ್ತಾರೆ, ನಾನು ಗಲ್ಲೆಯ ಮೇಲೆ ಕೂತು ಕೇಳುತ್ತೇನೆ. ಹದಿನೆಂಟು ವರ್ಷದಿಂದ ಹೀಗೇ ನಡೆದಿದೆ. ಹಿಂದೆ ಕೂತು ಜಾಹೀರಾತನ್ನು ಬೈಯುವವರು ಗೊತ್ತು, ಮುಂದೆ ಬಂದು ಅದೇ ಸಾಮಾನು ಕೇಳುವವರೂ ಗೊತ್ತು. ಬಹಳ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಗಿರಾಕಿಗಳು, ಓಣಿಯವರು, ಮಗಳ ಗೆಳತಿಯರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಓದಿ ತಿಳಿದ ಉತ್ತರ, ಕೆಲವಕ್ಕೆ ಅಂಗಡಿಯಲ್ಲಿ ಕಂಡ ಉತ್ತರ.

ಸರಿಯಾಗಿ ಕಥೆ ಕುತೂಹಲಕ್ಕೆ ಬಂದಾಗಲೇ ಜಾಹೀರಾತು ಯಾಕೆ ಬರುತ್ತೆ?

ಬೇಕಂತಲೇ ಹಾಗೆ ಮಾಡುತ್ತಾರೆ. ಧಾರಾವಾಹಿ ಬರೆಯುವಾಗಲೇ ಬ್ರೇಕ್ ಎಲ್ಲಿ ಅಂತ ಗೊತ್ತಿರುತ್ತದೆ. ಬಾಗಿಲು ತೆರೆಯುತ್ತದೆ, ಬಂದವರ ಕಾಲು ಮಾತ್ರ ತೋರಿಸುತ್ತಾರೆ, ಮೂರು ಸಲ ಧಡ್ ಧಡ್ ಅಂತ ಸಂಗೀತ, ಆಮೇಲೆ ಪಾತ್ರೆ ತೊಳೆಯುವ ಸೋಪು. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರು. ಬಂದವರು ಯಾರು ಅಂತ ತಿಳಿಯದೆ ನಾವು ಏಳುವುದಿಲ್ಲ, ಚಾನೆಲ್ ಬದಲಿಸುವುದೂ ಇಲ್ಲ. ಚಾನೆಲ್‌ನವರಿಗೆ ಬೇಕಾದದ್ದು ಅದೇ.

ಆದರೆ ಸಿಟ್ಟು ಹುಟ್ಟುವುದೂ ಅಲ್ಲೇ. ನಾಟಕ ಕಂಪನಿಯ ಆಟದಲ್ಲೂ ನಡುವೆ ಬಿಡುವು ಇರುತ್ತದೆ. ಅಲ್ಲಿ ಒಂದು ಹಾಡು ಮುಗಿದು, ಪರದೆ ಬಿದ್ದು, ಜನ ಚಹಾಕ್ಕೆ ಏಳುತ್ತಾರೆ. ಯಾರೂ ಬೈಯುವುದಿಲ್ಲ. ಟಿವಿಯಲ್ಲಿ ಮಾತಿನ ನಡುವೆಯೇ ಪರದೆ ಬೀಳುತ್ತದೆ. ಬ್ರೇಕ್ ಇರುವುದಕ್ಕಿಂತ, ಬಾಯಿಯ ತುತ್ತು ಕಿತ್ತುಕೊಂಡ ಹಾಗೆ ಅದು ಬರುತ್ತದಲ್ಲ, ಅದಕ್ಕೇ ಜನರಿಗೆ ಸಂಕಟ.

ಜಾಹೀರಾತು ಬಂದ ಕೂಡಲೇ ಸೌಂಡ್ ಜಾಸ್ತಿ ಆಗೋದು ನಿಜಾನಾ? ನಮಗೇ ಹಂಗ ಅನಿಸ್ತದಾ?

ನಿಜ. ನಿಮ್ಮ ಕಿವಿ ಸರಿಯಾಗಿಯೇ ಇದೆ.

ಧಾರಾವಾಹಿಯಲ್ಲಿ ಪಿಸುಮಾತು ಇರುತ್ತದೆ, ಅಳು ಇರುತ್ತದೆ, ಮೌನ ಇರುತ್ತದೆ, ಒಮ್ಮೊಮ್ಮೆ ಚೀರಾಟ. ದನಿ ಏರುತ್ತದೆ, ಇಳಿಯುತ್ತದೆ. ಪಿಸುಮಾತು ಕೇಳಲಿ ಅಂತ ಅತ್ತೆಯವರು ವಾಲ್ಯೂಮ್ ಏರಿಸಿ ಇಟ್ಟುಕೊಂಡಿರುತ್ತಾರೆ. ಜಾಹೀರಾತು ತಯಾರಿಸುವವರು ದನಿಯನ್ನು ಹಿಂಡಿ ಒಂದೇ ಎತ್ತರಕ್ಕೆ ತರುತ್ತಾರೆ. ಮೆಲುದನಿಯನ್ನೂ ಮೇಲಕ್ಕೆ ಎತ್ತುತ್ತಾರೆ. ಅಳತೆಯ ಕಡ್ಡಿ ಹಿಡಿದರೆ ಎರಡರಲ್ಲೂ ಅತಿ ಎತ್ತರದ ಸೌಂಡ್ ಒಂದೇ ಇರಬಹುದು. ಆದರೆ ಧಾರಾವಾಹಿ ಆ ಎತ್ತರಕ್ಕೆ ಆಗೀಗ ಹೋಗಿಬರುತ್ತದೆ, ಜಾಹೀರಾತು ಮೂವತ್ತು ಸೆಕೆಂಡೂ ಅಲ್ಲೇ ನಿಂತಿರುತ್ತದೆ. ಕಿವಿಗೆ ಅದು ಕೂಗಾಟದ ಹಾಗೇ ಕೇಳುತ್ತದೆ.

ಅಮೆರಿಕದಲ್ಲಿ ಜನ ಇದರ ಬಗ್ಗೆ ವರ್ಷಗಟ್ಟಲೆ ದೂರು ಕೊಟ್ಟು, 2010ರಲ್ಲಿ ಇದಕ್ಕಾಗಿಯೇ ಕಾನೂನು ಆಯಿತು. 2012ರ ಡಿಸೆಂಬರಿನಿಂದ ಜಾರಿಗೆ ಬಂತು. ಜಾಹೀರಾತಿನ ಸರಾಸರಿ ಸೌಂಡ್ ಕಾರ್ಯಕ್ರಮಕ್ಕಿಂತ ಜೋರಾಗಿರಬಾರದು ಅನ್ನುವುದು ಅದರ ಸಾರ. ನಮ್ಮ ಕೇಬಲ್ ಟಿವಿ ನಿಯಮಗಳಲ್ಲೂ ಜಾಹೀರಾತು ಅತಿ ಜೋರಾಗಿರಬಾರದು ಎಂದಿದೆ.

ಸದ್ಯಕ್ಕೆ ಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ಈಗಿನ ಬಹಳಷ್ಟು ಟಿವಿಗಳಲ್ಲಿ ಸೌಂಡ್ ಸೆಟ್ಟಿಂಗ್ ಒಳಗೆ ಆಟೋ ವಾಲ್ಯೂಮ್ ಅಂತ ಇರುತ್ತದೆ. ಅದನ್ನು ಆನ್ ಮಾಡಿ. ಪೂರ್ತಿ ಹೋಗುವುದಿಲ್ಲ, ಕಡಿಮೆ ಆಗುತ್ತದೆ.

ಗಂಟೆಗೆ ಇಷ್ಟೇ ಜಾಹೀರಾತು ಅಂತ ಏನಾದ್ರೂ ಲೆಕ್ಕ ಇದೆಯಾ?

ಇದೆ. ಗಂಟೆಗೆ 12 ನಿಮಿಷ. ಅದರಲ್ಲಿ 10 ನಿಮಿಷ ಸಾಮಾನು ಮಾರುವ ಜಾಹೀರಾತು, 2 ನಿಮಿಷ ಚಾನೆಲ್‌ನವರು ತಮ್ಮ ಕಾರ್ಯಕ್ರಮಗಳ ಬಗ್ಗೆ ಹೇಳಿಕೊಳ್ಳಲು. ಇದನ್ನು ಬಿಗಿಯಾಗಿ ಜಾರಿ ಮಾಡಲು, ಟಿವಿ ಮತ್ತು ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ ಟ್ರಾಯ್ 2012 ಮತ್ತು 2013ರಲ್ಲಿ ನಿಯಮ ತಂದಿತು. ಚಾನೆಲ್‌ನವರು ದೆಹಲಿ ಹೈಕೋರ್ಟಿಗೆ ಹೋದರು. ಅಷ್ಟು ಜಾಹೀರಾತಿನ ದುಡ್ಡಿನಲ್ಲಿ ಚಾನೆಲ್ ನಡೆಸಲಾಗುವುದಿಲ್ಲ ಅನ್ನುವುದು ಅವರ ವಾದ.

ಇದನ್ನು ಓದಿದ ದಿನ ನಾನು, ಮಗಳು ಗಡಿಯಾರ ಇಟ್ಟುಕೊಂಡು ಕೂತೆವು. ಅಂಗಡಿಯ ಹಳೆ ಬಿಲ್ ಪುಸ್ತಕದ ಹಿಂದೆ ಅವಳು ಬ್ರೇಕ್ ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಳು. ಒಂಬತ್ತು ಹೊಡೆಯುವ ಹೊತ್ತಿಗೆ ಆ ಒಂದು ಗಂಟೆಯದನ್ನು ಕೂಡಿ ನೋಡಿದರೆ ಹನ್ನೆರಡು ನಿಮಿಷ ದಾಟಿತ್ತು. ಧಾರಾವಾಹಿ ನಡೆಯುತ್ತಿರುವಾಗಲೇ ಕೆಳಗೆ ಬಂದು ಕುಣಿದು ಹೋಗುವ ಪಟ್ಟಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಪಟ್ಟಿಯ ಬಗ್ಗೆಯೂ ನಿಯಮ ಇದೆ: ಜಾಹೀರಾತು ಬೇರೆಯಾಗಿಯೇ ಕಾಣಬೇಕು, ಪರದೆಯ ಕೆಳಭಾಗ ಬಳಸಿ ಕಾರ್ಯಕ್ರಮಕ್ಕೆ ಅಡ್ಡ ಬರಬಾರದು.

ನೀವೂ ಒಂದು ಸಂಜೆ ಬರೆದು ನೋಡಿ. ಸುಮ್ನೆ ಬೈಯುವುದಕ್ಕಿಂತ ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ತಿಂಗಳಾ ರೊಕ್ಕ ಕೊಟ್ಟ ಮ್ಯಾಲೂ ಜಾಹೀರಾತು ಯಾಕ ನೋಡಬೇಕು?

ಇದನ್ನು ಕೇಳದ ಗಿರಾಕಿಯೇ ಇಲ್ಲ. 2019ರ ಫೆಬ್ರವರಿಯಿಂದ ಪ್ರತಿ ಚಾನೆಲ್‌ಗೂ ಬೇರೆ ಬೆಲೆ ಬಂದ ಮೇಲಂತೂ ಪ್ರಶ್ನೆ ಜೋರಾಗಿದೆ. ದುಡ್ಡು ನಾವೇ ಕೊಟ್ಟು ಆರಿಸಿಕೊಂಡದ್ದು, ಅಲ್ವಾ?

ನಾವು ಕೊಡುವ ದುಡ್ಡು ಖರ್ಚಿನ ಒಂದು ಪಾಲು ಮಾತ್ರ. ಕ್ರಿಕೆಟ್ ತಗೊಳ್ಳಿ. ಐಪಿಎಲ್‌ನ 2023ರಿಂದ 2027ರವರೆಗಿನ ಟಿವಿ ಹಕ್ಕು ಹೋದದ್ದು 23,575 ಕೋಟಿ ರೂಪಾಯಿಗೆ. ಪಂದ್ಯಗಳು 410. ಒಂದು ಪಂದ್ಯಕ್ಕೆ 57 ಕೋಟಿಗೂ ಮೇಲೆ. ಇಷ್ಟು ದುಡ್ಡು ಎತ್ತಬೇಕು ಅಂದರೆ ಓವರ್ ಮುಗಿದ ಕೂಡಲೇ ಜಾಹೀರಾತು ಬೇಕು, ವಿಕೆಟ್ ಬಿದ್ದರೂ ಬೇಕು. 2009ರಲ್ಲಿ ಶುರುವಾದ ಸ್ಟ್ರಾಟೆಜಿಕ್ ಟೈಮ್‌ಔಟ್ ಈಗ ಒಂದೊಂದು ಎರಡೂವರೆ ನಿಮಿಷದ್ದು. ಆಟಗಾರರು ನೀರು ಕುಡಿಯುವಾಗ ಏನು ಬರುತ್ತದೆ ಅಂತ ನಿಮಗೂ ಗೊತ್ತು.

ದೂರದರ್ಶನವೂ ಮೊದಲು ಜಾಹೀರಾತು ತೋರಿಸುತ್ತಿರಲಿಲ್ಲ. 1959ರಲ್ಲಿ ಶುರುವಾದದ್ದು ಜಾಹೀರಾತು ತೆಗೆದುಕೊಂಡದ್ದು 1976ರ ಜನವರಿ 1ರಿಂದ. ಅಲ್ಲಿಯವರೆಗೆ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿತ್ತು. ಯಾರಾದರೂ ಒಬ್ಬರು ಖರ್ಚು ಹೊರಬೇಕು. ನಾವು ಅರ್ಧ ದುಡ್ಡಿನಲ್ಲಿ ಹೊರುತ್ತೇವೆ, ಅರ್ಧ ನಮ್ಮ ಹೊತ್ತಿನಲ್ಲಿ ಹೊರುತ್ತೇವೆ. ಆದ್ದರಿಂದಲೇ ಆ 12 ನಿಮಿಷದ ಮಿತಿ ನನಗೆ ಸಣ್ಣ ವಿಷಯ ಅನಿಸುವುದಿಲ್ಲ. ದಿನವೆಲ್ಲ ದುಡಿದು ಬಂದವರ ಸಂಜೆಯ ಹೊತ್ತು ಅದು.

ಒಂದೇ ಜಾಹೀರಾತನ್ನು ಹತ್ತು ಸಲ ಯಾಕೆ ಹಾಕ್ತಾರೆ? ಒಂದು ಸಲ ಹೇಳಿದ್ರೆ ತಿಳಿಯಲ್ವಾ?

ತಿಳಿಯುತ್ತದೆ, ಉಳಿಯುವುದಿಲ್ಲ. ರಾಬರ್ಟ್ ಜಯಾಂಕ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ತೋರಿಸಿದ ವಿಷಯ ಇದು: ಯಾವುದನ್ನೇ ಆಗಲಿ ಮತ್ತೆ ಮತ್ತೆ ಕಂಡರೆ ಮನಸ್ಸು ತಾನಾಗಿ ಅದರ ಕಡೆ ವಾಲುತ್ತದೆ. ಅರ್ಥ ಗೊತ್ತಿಲ್ಲದ ಪದ, ಗುರುತಿಲ್ಲದ ಮುಖ ಕೂಡ ನಾಲ್ಕಾರು ಸಲ ಕಂಡರೆ ಹತ್ತಿರದ್ದು ಅನಿಸುತ್ತದೆ. ಓಣಿಗೆ ಹೊಸದಾಗಿ ಬಂದವರು ದಿನಾ ಎದುರಾದರೆ, ಮಾತಾಡದಿದ್ದರೂ ಒಂದು ನಗು ಬರುವುದಿಲ್ಲವಾ, ಹಾಗೆ.

ಆದರೆ ಇದಕ್ಕೆ ಮಿತಿ ಇದೆ. ಹರ್ಬರ್ಟ್ ಕ್ರುಗ್‌ಮನ್ ಎಂಬುವರು 1972ರಲ್ಲಿ, ಮೂರು ಸಲ ಮನಸ್ಸಿಟ್ಟು ನೋಡಿದರೆ ಸಾಕಾಗಬಹುದು ಎಂದು ಬರೆದರು. ಒಂದು ಹಂತ ದಾಟಿದರೆ ವಾಲಿದ ಮನಸ್ಸೇ ಬೇಸರಗೊಳ್ಳುತ್ತದೆ.

ಮತ್ತೆ ಹತ್ತು ಸಲ ಯಾಕೆ? ಕಂಪನಿಯವರಿಗೆ ಯಾರು ಎಷ್ಟು ಹೊತ್ತು ಕೂತಿರುತ್ತಾರೆ ಅಂತ ಮನೆಮನೆಗೂ ಗೊತ್ತಾಗುವುದಿಲ್ಲ. ಅವರು ಸರಾಸರಿ ಹಿಡಿಯುತ್ತಾರೆ. ಅರ್ಧ ಗಂಟೆ ನೋಡಿ ಎದ್ದು ಹೋಗುವವರಿಗೂ ಮೂರು ಸಲ ಮುಟ್ಟಲಿ ಅಂತ ರಾತ್ರಿಯೆಲ್ಲ ಹಾಕುತ್ತಾರೆ. ನಮ್ಮ ಅತ್ತೆಯವರ ಹಾಗೆ ಮೂರು ತಾಸು ಕದಲದೆ ಕೂರುವವರಿಗೆ ಅದು ಹತ್ತಾಗಿ ಬಡಿಯುತ್ತದೆ. ಚಾನೆಲ್‌ಗೆ ಅತಿ ನಿಯತ್ತಾಗಿ ಇರುವವರಿಗೇ ಅತಿ ಹೆಚ್ಚು ಪೆಟ್ಟು. ಇದು ನನಗೆ ಬಹಳ ಅನ್ಯಾಯ ಅನಿಸುತ್ತದೆ.

ಎಂಥ ಜಾಹೀರಾತು ಜನರಿಗೆ ಅತಿ ಹೆಚ್ಚು ಸಿಟ್ಟು ತರಿಸುತ್ತೆ?

ಅಮೆರಿಕದಲ್ಲಿ ಡೇವಿಡ್ ಆಕರ್, ಡೊನಾಲ್ಡ್ ಬ್ರುಝೋನ್ ಎಂಬಿಬ್ಬರು 524 ಟಿವಿ ಜಾಹೀರಾತುಗಳನ್ನು ಇಟ್ಟುಕೊಂಡು ಇದನ್ನೇ ಹುಡುಕಿದರು. 1985ರಲ್ಲಿ ಪ್ರಕಟವಾಯಿತು. ನಂಬಲಾಗದ ಸನ್ನಿವೇಶ, ಅತಿಯಾದ ನಟನೆ, ಒಬ್ಬರ ರೂಪವನ್ನೋ ತಿಳಿವಳಿಕೆಯನ್ನೋ ಹೀಯಾಳಿಸುವುದು, ತಾಯಿ-ಮಗಳು ಗಂಡ-ಹೆಂಡತಿ ನಡುವೆ ಬಿರುಕು ತೋರಿಸುವುದು, ನಾಲ್ಕು ಜನರ ಮುಂದೆ ನೋಡಲು ಮುಜುಗರದ ಸಾಮಾನು. ಇವೆಲ್ಲ ಕಿರಿಕಿರಿ ಹೆಚ್ಚಿಸಿದವು. ಮನೆಮಂದಿಯ ಆಪ್ತ ವಾತಾವರಣ, ನಂಬುವಂಥ ಮನುಷ್ಯ ಇದ್ದರೆ ಕಡಿಮೆಯಾಯಿತು.

ಹೀಯಾಳಿಸುವ ಮಾತು ಬಂತಲ್ಲ. ಮೈಬಣ್ಣದ ಜಾಹೀರಾತುಗಳನ್ನು ನೋಡುತ್ತಾ ಬೆಳೆದವಳು ನಾನು. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಒಪ್ಪುವುದಿಲ್ಲ, ಕ್ರೀಮು ಹಚ್ಚಿದರೆ ಎಲ್ಲ ಸಿಗುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರು ಬದಲಿಸಿದ್ದು 2020ರಲ್ಲಿ. ನಲವತ್ತೈದು ವರ್ಷ. ಅಷ್ಟರಲ್ಲಿ ನಮ್ಮ ಕಟ್ಟೆಗೆ ಬಂದು, ತಲೆ ಕೆಳಗೆ ಹಾಕಿ, ಮೆಲ್ಲಗೆ ಆ ಟ್ಯೂಬ್ ಕೇಳಿದ ಹುಡುಗಿಯರು ಎಷ್ಟು ಜನ! ಅಂಥ ಜಾಹೀರಾತನ್ನು ಬರೀ ಕಿರಿಕಿರಿ ಅಂದರೆ ಕಡಿಮೆ ಹೇಳಿದ ಹಾಗೆ.

ಇನ್ನು ನಮ್ಮ ಕಡೆಯವರದೇ ಒಂದು ತಕರಾರು ಇದೆ. ಜಾಹೀರಾತಿನ ಕನ್ನಡ. ಬಹಳಷ್ಟು ಜಾಹೀರಾತುಗಳು ಹಿಂದಿಯಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬರುತ್ತವೆ. ತುಟಿ ಒಂದು ಆಡುತ್ತದೆ, ಕಿವಿ ಒಂದು ಕೇಳುತ್ತದೆ. ಹಿಂದಿಯ ಮಾತಿನ ಅಳತೆಗೆ ಕನ್ನಡ ತುರುಕಿದ್ದರಿಂದ ಓಡೋಡಿ ಹೇಳುತ್ತಾರೆ. ಮಗ ಕೆಸರು ಮೆತ್ತಿಕೊಂಡು ಬಂದರೆ ಆ ತಾಯಿ ನಗುತ್ತಾ ‘ಕಠಿಣ ಕಲೆಗಳಿಗೆ ವಿದಾಯ’ ಅನ್ನುತ್ತಾಳೆ. ಬನಹಟ್ಟಿಯಲ್ಲೋ ಮುಧೋಳದಲ್ಲೋ ಹಾಗೆ ಮಾತಾಡುವ ತಾಯಿ ಇದ್ದಾಳಾ? ‘ಅಂಗಿ ಏನ್ ಹೊಲಸ್ ಮಾಡ್ಕೊಂಡ್ ಬಂದೀಯೋ ಯಪ್ಪಾ, ನಿಂದರ ಅಲ್ಲೇ ಬಾಗಲ್ದಾಗ’ ಅನ್ನುತ್ತಾಳೆ. ಆ ಒಂದು ಮಾತು ಟಿವಿಯಲ್ಲಿ ಬರಲಿ, ಇಡೀ ಓಣಿ ತಲೆ ಎತ್ತಿ ನೋಡುತ್ತದೆ.

ಪುರಾವೆ ಬೇಕಾದರೆ ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಕಡೆ ಬನ್ನಿ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ. ಗಾಡಿಗೆ ಮೈಕ್ ಕಟ್ಟಿ, ನಾಟಕದ ಒಂದು ಮಾತು, ಒಂದು ನಗೆಹನಿ ಹೇಳುತ್ತಾ ಹೋಗುತ್ತಾರೆ. ಅದೂ ಜಾಹೀರಾತೇ, ಅದೂ ಜೋರೇ. ಆದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ಕೇಳುತ್ತಾರೆ, ಯಾಕೆಂದರೆ ಅದು ಅವರ ಮಾತಿನಲ್ಲೇ ಇರುತ್ತದೆ.

ಇಷ್ಟೊಂದು ಬೈತೀವಿ. ಆದ್ರೂ ಮಾಲು ಖರ್ಚಾಗುತ್ತಾ?

ಖರ್ಚಾಗುತ್ತದೆ. ಹೇಗೆ ಅನ್ನುವುದನ್ನು ಒಂದು ಸಂಜೆಯ ಸಂಗತಿಯಿಂದ ಹೇಳುತ್ತೇನೆ.

ನಮ್ಮ ಓಣಿಯ ಒಬ್ಬ ಅಕ್ಕ ಬಟ್ಟೆ ಪುಡಿಗೆ ಬಂದರು. ಒಳಗೆ ಟಿವಿಯಲ್ಲಿ ಒಂದು ಬಟ್ಟೆ ಪುಡಿಯ ಹಾಡು ಬರುತ್ತಿತ್ತು. ‘ವೈನಿ, ಆ ಅಡ್ವಟೈಜ್ ಬಂತಂದ್ರ ನನ್ನ ತಲಿ ಸಿಡೀತೈತಿ ನೋಡ್ರಿ’ ಅಂದರು. ಏನು ಕೊಡಲಿ ಅಂದೆ. ಕಣ್ಣು ರ್ಯಾಕಿನ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಅಲ್ಲಿ ಆರು ತರದ ಪುಡಿ ಇದ್ದವು. ಎರಡು ಉಸಿರು ಎಳೆಯುವಷ್ಟು ಹೊತ್ತು. ಬೆರಳು ತೋರಿಸಿದ್ದು ಅದೇ ಹಾಡಿನ ಪುಡಿಗೆ. ಅರ್ಧ ಕಿಲೋ ಪಾಕೀಟು ಚೀಲಕ್ಕೆ ಹಾಕಿಕೊಂಡು, ಉದ್ರಿ ಬರೆಸಿ ಹೋದರು. ತಮ್ಮ ಮಾತನ್ನು ತಾವೇ ಮುರಿದರು ಅಂತ ಅವರಿಗೆ ಅನಿಸಲೇ ಇಲ್ಲ. ಮುರಿದೂ ಇರಲಿಲ್ಲ. ಬೈದದ್ದು ಹಾಡನ್ನು, ತಗೊಂಡದ್ದು ಪುಡಿಯನ್ನು.

ಆ ಎರಡು ಉಸಿರಿನ ಹೊತ್ತಿನಲ್ಲೇ ಜಾಹೀರಾತು ತನ್ನ ಕೆಲಸ ಮಾಡುವುದು. ಟಿವಿ ಮುಂದೆ ಕೂತು ಯಾರೂ ‘ಓಹೋ, ನಾಳೆ ಇದನ್ನೇ ತರಬೇಕು’ ಅಂತ ತೀರ್ಮಾನ ಮಾಡುವುದಿಲ್ಲ. ಕ್ರುಗ್‌ಮನ್ ಇದನ್ನೇ 1965ರಲ್ಲಿ ಹೇಳಿದ್ದರು. ಟಿವಿಯನ್ನು ಮನಸ್ಸು ಸಡಿಲ ಬಿಟ್ಟು ನೋಡುತ್ತೇವೆ, ವಾದ ಮಾಡುವುದಿಲ್ಲ, ಸುಮ್ನೆ ಒಳಗೆ ಇಳಿಯುತ್ತದೆ. ಕಟ್ಟೆಯ ಮುಂದೆ ನಿಂತಾಗ ಆರು ಪಾಕೀಟಿನಲ್ಲಿ ಒಂದರ ಹೆಸರು ಮೊದಲು ನಾಲಿಗೆಗೆ ಬರುತ್ತದೆ. ಗುರುತಿದ್ದ ಹೆಸರು ಮೋಸ ಮಾಡಲಿಕ್ಕಿಲ್ಲ ಅನಿಸುತ್ತದೆ. ಹಾಡು ಮಧುರವಾಗಿತ್ತಾ, ಕರ್ಕಶವಾಗಿತ್ತಾ ಅನ್ನುವುದು ಅಷ್ಟೊತ್ತಿಗೆ ಮರೆತಿರುತ್ತದೆ.

ಹೆಸರು ಎಷ್ಟು ಆಳಕ್ಕೆ ಇಳಿಯುತ್ತದೆ ಅಂದರೆ, ವಯಸ್ಸಾದವರು ಇವತ್ತಿಗೂ ‘ಒಂದು ಕೋಲ್ಗೇಟ್ ಕೊಡವಾ’ ಅನ್ನುತ್ತಾರೆ. ಯಾವ ಪೇಸ್ಟ್ ಕೊಟ್ಟರೂ ನಡೆಯುತ್ತದೆ. ವನಸ್ಪತಿ ಅಂದರೆ ಡಾಲ್ಡಾ, ನೂಡಲ್ಸ್ ಅಂದರೆ ಮ್ಯಾಗಿ.

ಬೆಲೆಯೂ ಕೂಡಿ ಬರಬೇಕು. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಶುರುಮಾಡಿದ ನಿರ್ಮಾ ಪುಡಿಯ ಹಾಡು ನಮ್ಮ ಪೀಳಿಗೆಗೆಲ್ಲ ಬಾಯಿಪಾಠ. ಹಾಡಿನಿಂದಲೇ ಗೆದ್ದರು ಅನ್ನುತ್ತಾರೆ. ದೊಡ್ಡ ಕಂಪನಿಯ ಪುಡಿಯ ಬೆಲೆಯ ಒಂದು ಸಣ್ಣ ಪಾಲಿಗೆ ಅದು ಸಿಗುತ್ತಿತ್ತು ಅನ್ನುವುದನ್ನು ಮರೆಯುತ್ತಾರೆ. ಹಾಡು ಗಿರಾಕಿಯನ್ನು ಅಂಗಡಿಗೆ ಕರೆತಂದಿತು, ಬೆಲೆ ಮತ್ತೆ ಮತ್ತೆ ತರಿಸಿತು.

ಹಾಗಾದ್ರೆ ಎಲ್ಲ ಜಾಹೀರಾತೂ ಫಲ ಕೊಡುತ್ತಾ?

ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬಲ್ಲೆ.

ಕೆಲವು ವರ್ಷದ ಹಿಂದೆ ಒಂದು ಬಿಸ್ಕೀಟು ಬಂತು. ಜಾಹೀರಾತು ಬಹಳ ಚೆನ್ನಾಗಿತ್ತು. ಶಾಲೆ ಮಕ್ಕಳು ಅದರ ಡೈಲಾಗ್ ಹೊಡೆಯುತ್ತಾ ಅಂಗಡಿ ಮುಂದೆ ಹಾಯುತ್ತಿದ್ದರು. ನಾನೂ ನಂಬಿ ಎರಡು ಬಾಕ್ಸ್ ಇಳಿಸಿಕೊಂಡೆ. ಮೊದಲ ವಾರ ಖರ್ಚಾಯಿತು. ಆಮೇಲೆ ಡೈಲಾಗ್ ಉಳಿಯಿತು, ಬಿಸ್ಕೀಟೂ ಉಳಿಯಿತು. ತಿಂದವರಿಗೆ ರುಚಿ ಹಿಡಿಸಲಿಲ್ಲ. ತಾರೀಖು ಮುಗಿಯುವ ಮೊದಲು ನಮ್ಮ ಮನೆಯಲ್ಲೇ ಚಹಾಕ್ಕೆ ಅದ್ದಿ ತಿಂದು ಮುಗಿಸಿದೆವು.

ದೊಡ್ಡ ಲೆಕ್ಕಗಳೂ ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಕೇಬಲ್ ಮೂಲಕ ಒಂದೇ ಊರಿನ ಕೆಲವು ಮನೆಗೆ ಹೆಚ್ಚು, ಕೆಲವು ಮನೆಗೆ ಕಡಿಮೆ ಜಾಹೀರಾತು ಕಳಿಸಿ, ಆ ಮನೆಯವರು ಏನು ಕೊಂಡರು ಅಂತ ನೋಡಿದ 389 ಪರೀಕ್ಷೆಗಳನ್ನು ಲಾಡಿಶ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1995ರಲ್ಲಿ ಒಟ್ಟುಗೂಡಿಸಿದರು. ಸುಮ್ನೆ ಜಾಹೀರಾತು ಹೆಚ್ಚಿಸಿದರೆ ಮಾರಾಟ ಏರುತ್ತದೆ ಅನ್ನುವ ಖಾತ್ರಿ ಇಲ್ಲ ಎಂದು ಕಂಡಿತು. ಹೊಸ ಸಾಮಾನಿಗೆ ಫಲ ಸಿಗುವ ಸಾಧ್ಯತೆ ಜಾಸ್ತಿ, ಹಳೆಯ ಸಾಮಾನಿಗೆ ಕಡಿಮೆ. 2021ರಲ್ಲಿ ಶಪೀರೊ, ಹಿಚ್, ಟಕ್‌ಮನ್ ಎಂಬ ಮೂವರು 288 ಬ್ರ್ಯಾಂಡುಗಳ ಲೆಕ್ಕ ತೆಗೆದರು. ನಡುಮಟ್ಟದ ಬ್ರ್ಯಾಂಡ್ ಒಂದಕ್ಕೆ ಟಿವಿ ಜಾಹೀರಾತನ್ನು ದುಪ್ಪಟ್ಟು ಮಾಡಿದರೂ ಮಾರಾಟ ಏರುವುದು ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಬ್ರ್ಯಾಂಡುಗಳಿಗೆ ಮೇಲೆ ಮೇಲೆ ಸುರಿದ ದುಡ್ಡು ಲಾಭವಾಗಿ ವಾಪಸ್ ಬರುತ್ತಿರಲಿಲ್ಲ.

ಇದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಅತ್ತೆಯವರು ತಲೆ ಹಿಡಿದುಕೊಂಡು ಕೇಳುವ ಆ ಒಂಬತ್ತನೇ, ಹತ್ತನೇ ಸಲದ ಹಾಡು ಕಂಪನಿಗೂ ಉಪಯೋಗಕ್ಕೆ ಬಂದಿರಲಿಕ್ಕಿಲ್ಲ.

ಮತ್ತೆ ಕಂಪನಿಯವರು ಯಾಕೆ ಬಿಡಲ್ಲ?

ಒಂದು, ಎದುರಾಳಿಯ ಭಯ. ನಾನು ನಿಲ್ಲಿಸಿ ಅವನು ನಿಲ್ಲಿಸದಿದ್ದರೆ? ಇನ್ನೊಂದನ್ನು ಅಂಗಡಿಯವರು ಮಾತ್ರ ಬಲ್ಲರು. ಟಿವಿ ಜಾಹೀರಾತು ನಮಗೂ ಹೌದು. ಹೊಸ ಮಾಲು ತಂದ ಸೇಲ್ಸ್‌ಮನ್ ಮೊದಲು ಹೇಳುವುದೇ ‘ಅಕ್ಕಾರ, ಟಿವ್ಯಾಗ ಬರಾಕತ್ತೈತ್ರಿ’ ಅಂತ. ಮೊಬೈಲ್ ತೆಗೆದು ತೋರಿಸುತ್ತಾನೆ. ಟಿವಿಯಲ್ಲಿ ಬರುತ್ತದೆ ಅಂದರೆ ಕಂಪನಿ ನಿಲ್ಲುತ್ತದೆ, ಗಿರಾಕಿ ಕೇಳುತ್ತಾರೆ, ಕೆಟ್ಟರೆ ವಾಪಸ್ ತಗೊಳ್ಳುತ್ತಾರೆ ಅಂತ ನಾವು ಧೈರ್ಯದಿಂದ ರ್ಯಾಕಿನಲ್ಲಿ ಜಾಗ ಕೊಡುತ್ತೇವೆ. ಕಣ್ಣಿನ ಮಟ್ಟದ ಆ ಒಂದು ಅಡಿ ಜಾಗಕ್ಕೆ ಬಹಳ ಬೆಲೆ ಇದೆ.

ಜಾಹೀರಾತೇ ಇಲ್ಲದೆ ಮಾರಾಟ ಆಗೋದು ಇದೆಯಾ?

ಅಮೀನಗಡದ ಕರದಂಟಿಗೆ ಯಾರು ಜಾಹೀರಾತು ಕೊಟ್ಟರು? ಆ ದಾರಿಯಲ್ಲಿ ಹೋದವರು ಕಟ್ಟಿಸಿಕೊಳ್ಳದೆ ಬರುವುದಿಲ್ಲ. ಬೆಳಗಾವಿಯ ಕುಂದಾ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಹೀಗೆಯೇ. ತಿಂದವರು, ಉಟ್ಟವರು ಹೇಳಿದ ಮಾತೇ ಸಾಕಾಗಿದೆ. ಆದರೆ ಅಂಥ ಹೆಸರು ಬರಲು ತಲೆಮಾರು ಬೇಕು, ಊರಿನ ಹೆಸರೇ ಬೆನ್ನಿಗಿರಬೇಕು. ಹೊಸ ಸೋಪಿಗೆ ಆ ಪುರಸೊತ್ತು ಇರುವುದಿಲ್ಲ.

ಜಾಹೀರಾತು ನಡುವೆ ಬಂದರೇ ಕಾರ್ಯಕ್ರಮ ಹೆಚ್ಚು ಖುಷಿ ಕೊಡುತ್ತೆ ಅಂತಾರಲ್ಲ, ನಿಜವಾ?

ನೆಲ್ಸನ್, ಮೇವಿಸ್, ಗಲಾಕ್ ಎಂಬ ಮೂವರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಒಂದೇ ಕಾರ್ಯಕ್ರಮವನ್ನು ಕೆಲವರಿಗೆ ಜಾಹೀರಾತಿನ ಜೊತೆ, ಕೆಲವರಿಗೆ ಇಲ್ಲದೆ ತೋರಿಸಿದರು. ಜಾಹೀರಾತು ಇದ್ದರೆ ಖುಷಿ ಕಡಿಮೆ ಆಗುತ್ತದೆ ಅಂತ ಎಲ್ಲರೂ ಎಣಿಸಿದ್ದರು. ನಡೆದದ್ದು ತಿರುಗಾಮುರುಗಾ. ಒಂದೇ ಸಮನೆ ನೋಡಿದರೆ ಮನಸ್ಸು ಅದಕ್ಕೆ ಹೊಂದಿಕೊಂಡು ಖುಷಿ ಸಪ್ಪಗಾಗುತ್ತದೆ, ತಡೆ ಬಂದರೆ ಮತ್ತೆ ಹೊಸದಾಗುತ್ತದೆ ಎಂದು ಅವರ ವಿವರಣೆ. ಮೂರು ಹೋಳಿಗೆ ಒಟ್ಟಿಗೆ ತಿಂದರೆ ಮೂರನೆಯದು ಸಪ್ಪೆ, ನಡುವೆ ಒಂದು ಚಮಚ ಉಪ್ಪಿನಕಾಯಿ ಬಿದ್ದರೆ ಸಿಹಿ ಮರಳುತ್ತದೆ. ಇದನ್ನು ಒಪ್ಪುತ್ತೇನೆ. ಉಪ್ಪಿನಕಾಯಿಯೇ ಊಟ ಆಗಬಾರದು ಅಷ್ಟೇ.

ಮಕ್ಕಳ ಮೇಲೆ ಏನಾಗುತ್ತೆ?

ಐದನೇ ಇಯತ್ತೆಯ ಒಂದು ಹುಡುಗಿ ಹತ್ತು ರೂಪಾಯಿ ನೋಟು ಮುಷ್ಟಿಯಲ್ಲಿ ಹಿಡಿದು ಬಂದಳು. ಏನು ಬೇಕು ಅಂದರೆ ಹೆಸರು ಗೊತ್ತಿಲ್ಲ. ಹಾಡಿನ ಒಂದು ಸಾಲು ಗುನುಗಿ ತೋರಿಸಿದಳು. ನಾನು ಕೈ ಹಾಕಿದ್ದು ಬೇರೆ ಪಾಕೀಟಿಗೆ, ‘ಅದಲ್ರೀ, ಕೆಂಪಂದು’ ಅಂದಳು. ಹೆಸರು ನಾಲಿಗೆಗೆ ಬರುವ ಮೊದಲೇ ಬಣ್ಣ ಮತ್ತು ರಾಗ ಒಳಗೆ ಹೋಗಿರುತ್ತವೆ. ಇದು ಜಾಹೀರಾತು, ಯಾರೋ ದುಡ್ಡು ಕೊಟ್ಟು ಹೇಳಿಸುತ್ತಿದ್ದಾರೆ ಅಂತ ಸಣ್ಣ ಮಕ್ಕಳಿಗೆ ತಿಳಿಯುವುದಿಲ್ಲ. ಅವರಿಗೆ ಕಾರ್ಟೂನೂ ಒಂದೇ, ಚಿಪ್ಸೂ ಒಂದೇ.

2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯ ಪ್ರಕಾರ ಚಿಪ್ಸ್, ಸೋಡಾ ಪಾನೀಯದಂಥ ತಿನಿಸುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ನಡುವೆ, ಮಕ್ಕಳಿಗೆಂದೇ ಇರುವ ಚಾನೆಲ್‌ನಲ್ಲಿ ಹಾಕುವಂತಿಲ್ಲ. ಆದರೆ ನಮ್ಮ ಮಕ್ಕಳು ನೋಡುವುದು ಅಜ್ಜಿಯ ಮಗ್ಗುಲಲ್ಲಿ ಕೂತು ಅಜ್ಜಿಯ ಧಾರಾವಾಹಿಯನ್ನು. ಅಲ್ಲಿ ಆ ತಡೆ ಇಲ್ಲ. ಮಗಳು ಚಿಕ್ಕವಳಿದ್ದಾಗ ಪ್ರತಿ ಜಾಹೀರಾತಿಗೂ ‘ಇದನ್ನ ಯಾರು ಹೇಳಾಕತ್ತಾರ, ಯಾಕ?’ ಅಂತ ಕೇಳುತ್ತಿದ್ದೆ. ಮೊದಲು ಆಟದ ಹಾಗೆ ಉತ್ತರ ಕೊಡುತ್ತಿದ್ದಳು. ಈಗ ಅವಳೇ ನನ್ನನ್ನು ಕೇಳುತ್ತಾಳೆ.

ಸುಳ್ಳು ಜಾಹೀರಾತಿನಿಂದ ಮೋಸ ಹೋದ್ರೆ ಯಾರಿಗೆ ಹೇಳಬೇಕು?

ನಮ್ಮ ಮನೆಯಲ್ಲೇ ಆಗಿದೆ. ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಉದ್ದಕ್ಕೂ ಬರುವ ಒಂದು ಮಂಡಿನೋವಿನ ಎಣ್ಣೆಯ ಜಾಹೀರಾತು ನೋಡಿ ಅತ್ತೆಯವರು ನನಗೆ ಹೇಳದೆ ಫೋನ್ ಮಾಡಿದರು. ಕೂಡಿಟ್ಟ ದುಡ್ಡು ಕೊಟ್ಟು ಬಿಡಿಸಿಕೊಂಡರು. ಹದಿನೈದು ದಿನ ಹಚ್ಚಿದರು. ನೋವು ಹೋಗಲಿಲ್ಲ, ಚರ್ಮ ಕೆಂಪಾಯಿತು. ವಾಪಸ್ ಕೊಡಲು ಅದೇ ನಂಬರಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ‘ನಾನ ಖೊಟ್ಟಿ ಆದ್ನೆವಾ’ ಅಂತ ಅವರು ಬೇಜಾರಾಗಿ ಕೂತದ್ದು ಈಗಲೂ ಕಣ್ಣ ಮುಂದಿದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಬಿಲ್, ಪಾಕೀಟು, ಜಾಹೀರಾತು ಬಂದ ಚಾನೆಲ್, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಟಿವಿಯಲ್ಲಿ ಮತ್ತೆ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಕೈಬಿಟ್ಟು ಹೋದ ದುಡ್ಡು ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಜಾಹೀರಾತನ್ನೇ ನಿಲ್ಲಿಸಬೇಕು ಅಂದರೆ ಮುಂಬೈಯ ಎಎಸ್‌ಸಿಐ ಇದೆ. ಜಾಹೀರಾತು ರಂಗದವರೇ 1985ರಲ್ಲಿ ಕಟ್ಟಿಕೊಂಡ ಸಂಸ್ಥೆ. ಯಾರು ಬೇಕಾದರೂ ದೂರು ಕೊಡಬಹುದು.

ಕಾನೂನು ಬಲವಾಗಿಯೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ನಿಂತು ಹೊಗಳಿದ ನಟನಟಿಯರಿಗೂ ದಂಡ ಬೀಳಬಹುದು, ಒಂದು ವರ್ಷದವರೆಗೆ ಬೇರೆ ಜಾಹೀರಾತಿನಲ್ಲಿ ಬರದಂತೆ ತಡೆಯಬಹುದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ, ಎತ್ತರ ಬೆಳೆಸುತ್ತೇವೆ ಅನ್ನುವ ಔಷಧಿ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಂಥದ್ದು ಕಂಡರೆ, ಅದು ಎಷ್ಟೇ ನಂಬಿಕೆಯ ಮುಖದವರ ಬಾಯಲ್ಲಿ ಬಂದರೂ, ಮನೆಯ ಹಿರಿಯರಿಗೆ ಕೂತು ಹೇಳಿ. ಬೈಯಬೇಡಿ. ನೋವಿದ್ದವರು ಆಸೆಯಿಂದ ನಂಬುತ್ತಾರೆ.

ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಓಡುತ್ತಲ್ಲ, ಅದೇನು?

ಷರತ್ತುಗಳು. ಮೇಲೆ ಹೇಳಿದ ದೊಡ್ಡ ಮಾತಿನ ಅರ್ಧವನ್ನು ಅಲ್ಲಿ ವಾಪಸ್ ತಗೊಂಡಿರುತ್ತಾರೆ. 2022ರ ಅದೇ ಮಾರ್ಗಸೂಚಿಯ ಪ್ರಕಾರ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಓದಲು ಬರುವಂತಿರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಕೈ ತೊಳೆದುಕೊಳ್ಳುವುದು ತಪ್ಪು. ಕಂಡರೆ ದೂರು ಕೊಡಿ.

ನಮ್ಮಂಥ ಸಣ್ಣ ಅಂಗಡಿಯವರು ಟಿವಿಗೆ ಜಾಹೀರಾತು ಕೊಡಬೇಕಾ?

ಬೇಡ. ಒಂದು ಆಟೋ, ಒಂದು ಮೈಕ್, ಸಂತೆ ದಿನ. ಸಾಕು. ಶಾಲೆ, ಆಸ್ಪತ್ರೆ ಮುಂದೆ ಮೈಕ್ ಬಂದ್ ಮಾಡಿಸಿ.

ನೀವು ಮನೆಗೆ ಯಾವ ಸೋಪು ತರ್ತೀರಿ ವೈನಿ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ನನ್ನ ತವರು ಜಮಖಂಡಿ. ಅವ್ವ ಬಳಸುತ್ತಿದ್ದ ಸೋಪನ್ನೇ ನಾನೂ ಬಳಸುತ್ತೇನೆ. ಆಗ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯಲ್ಲಿ ಭಾನುವಾರ ನೋಡಲು ಹೋದಾಗ ಅದರ ಹಾಡು ಬರುತ್ತಿತ್ತು. ಈಗ ಆ ಸೋಪಿನ ಜಾಹೀರಾತು ಟಿವಿಯಲ್ಲಿ ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಕೇಳುವವರೂ ಕಡಿಮೆ. ಡಿಸ್ಟ್ರಿಬ್ಯೂಟರ್ ಕಡೆಯಿಂದ ತಿಂಗಳಿಗೆ ಅರ್ಧ ಡಜನ್ ತರಿಸುತ್ತೇನೆ. ನಾಲ್ಕು ಮನೆಗೆ, ಎರಡು ರ್ಯಾಕಿನ ಕೆಳಗಿನ ಸಾಲಿನಲ್ಲಿ ಇಡುತ್ತೇನೆ. ಹೋದ ವಾರ ಒಬ್ಬ ಅಜ್ಜಿ ಬಂದು, ಬಗ್ಗಿ, ಅದನ್ನು ಗುರುತು ಹಿಡಿದು, ಮೂಗಿಗೆ ಹಿಡಿದು ನೋಡಿ, ಎರಡನ್ನೂ ತಗೊಂಡು ಹೋದರು.